ಗೋಣಿ ಕಳೆದ ತೂಕ

ಡಾಕ್ಟರ ಬಳಿ ಹೋದರೆ ಮೊದಲು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾರೆ. ನಾನು ಹತ್ತುವ ಮೊದಲು ಬಗ್ಗಿ ಮುಳ್ಳು ಸೊನ್ನೆಯ ಮೇಲಿದೆಯೇ ಎಂದು ನೋಡುತ್ತೇನೆ. ಒಮ್ಮೆ ನೋಡಿದರೆ ಸಮಾಧಾನವಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡುತ್ತೇನೆ. ಹೋದ ಸಲ ನರ್ಸಮ್ಮ ತಾಳ್ಮೆ ಕಳೆದುಕೊಂಡು, "ಎಂತ ಸರ್, ಮುಳ್ಳಿನ ಮೇಲೆ ಎಂತಕೆ ಸಂಶಯ? ನಿಮ್ಮ ಹೊಟ್ಟೆ ನೋಡಿದ್ರೇ ಗೊತ್ತಾಗ್ತದಲ್ಲ" ಎಂದಳು. ಬೆಂಚಿನ ಮೇಲೆ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ನಗುವುದು ನನಗೆ ಚೆನ್ನಾಗಿ ಬರುತ್ತದೆ.

ಚಿಂತೆ ಮಾಡುವುದು ನನ್ನ ಚಟ ಎಂದು ಮನೆಯವರು ಒಪ್ಪಿಕೊಂಡುಬಿಟ್ಟಿದ್ದಾರೆ. ಬೀಗ ಹಾಕಿ ರಸ್ತೆಯ ತಿರುವಿನವರೆಗೆ ಹೋಗಿ, ತಿರುಗಿ ಬಂದು ಬೀಗ ಜಗ್ಗಿ ನೋಡುವವ ನಾನು. ಬಸ್ಸಿನ ಟಿಕೇಟನ್ನು ಊರು ಬರುವವರೆಗೆ ಐದಾರು ಸಲ ಕಿಸೆಯಿಂದ ತೆಗೆದು ನೋಡುವವ. ಆದರೆ ಈ ತೂಕದ ಮುಳ್ಳಿನ ವಿಷಯ ಚಟವಲ್ಲ. ಅದರ ಹಿಂದೆ ಒಂದು ಭಾನುವಾರವಿದೆ, ಒಬ್ಬ ಮನುಷ್ಯನಿದ್ದಾನೆ, ಮತ್ತು ನಾನು ತೆರೆದು ಮುಚ್ಚಿಕೊಂಡ ನನ್ನ ಬಾಯಿಯಿದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಕುಮಟೆಯ ಕಾಲೇಜಿನಲ್ಲಿ ಓದುತ್ತಿದ್ದೆ, ಕುಸ್ತಿ ಆಡುತ್ತಿದ್ದೆ. ಕುಸ್ತಿ ಎಂದರೆ ಈಗ ಯಾರೂ ನಂಬುವುದಿಲ್ಲ. ಆಗಲೂ ಬಹಳ ಜನ ನಂಬುತ್ತಿರಲಿಲ್ಲ. ನಮ್ಮ ಕರಾವಳಿಯ ಹುಡುಗರಿಗೆ ವಾಲಿಬಾಲು, ಕಬಡ್ಡಿ ಗೊತ್ತು. ಲಂಗೋಟಿ ಕಟ್ಟಿ ಮಣ್ಣಿನಲ್ಲಿ ಹೊರಳುವುದು ಘಟ್ಟದ ಮೇಲಿನವರ ಕೆಲಸ. ಅದನ್ನು ಕೆಳಗೆ ತಂದವರು ನಮ್ಮ ಪಿ.ಡಿ. ಸರ್, ಅಂದರೆ ಕಾಲೇಜಿನ ದೈಹಿಕ ಶಿಕ್ಷಣದವರು. ಬಯಲುಸೀಮೆಯಿಂದ ವರ್ಗವಾಗಿ ಬಂದವರು. ಬಂದ ವರ್ಷವೇ ಗ್ರಂಥಾಲಯದ ಹಿಂದೆ ಗುಂಡಿ ತೋಡಿಸಿ, ಕೆಂಪು ಮಣ್ಣು ತರಿಸಿ, ಅದಕ್ಕೆ ಎಣ್ಣೆ ಮಜ್ಜಿಗೆ ಹುಯ್ಯಿಸಿ ಅಖಾಡ ಮಾಡಿದರು. "ಮೀನ ತಿಂದ ಮೈಯಾಗ ಇಷ್ಟು ಜಾರಿಕೆ ಐತಿ, ಇದನ್ನ ಬಿಟ್ಟು ಚೆಂಡ ಹಿಂದ ಓಡ್ತೀರಲ್ಲಪಾ" ಎಂದು ಬೈದು ಹತ್ತು ಹನ್ನೆರಡು ಜನರನ್ನು ಸೇರಿಸಿದರು.

ಅದರಲ್ಲಿ ಐವತ್ತೇಳು ಕಿಲೋ ಮೀರಬಾರದ ವರ್ಗದವರು ಇಬ್ಬರು. ನಾನು ಮತ್ತು ಅವನು.

ಅವನು ಹೊನ್ನಾವರದ ಬಂದರಿನ ಕಡೆಯವನು. ಅಪ್ಪ ಇರಲಿಲ್ಲ, ಅಮ್ಮ ಮೀನು ಬುಟ್ಟಿ ಹೊತ್ತು ಮಾರಿ ಓದಿಸುತ್ತಿದ್ದಳು. ದಿನಾ ಬೆಳಿಗ್ಗೆ ಬಸ್ಸಿಗೆ ಬರುವ ಮೊದಲು ಬಲೆ ಎಳೆದು ಬರುತ್ತಿದ್ದ. ಅವನ ಬೆರಳು ಮಣಿಕಟ್ಟನ್ನು ಹಿಡಿದರೆ ಹಗ್ಗ ಸುತ್ತಿಕೊಂಡ ಹಾಗೆ. ನನ್ನ ಅಪ್ಪ ಕುಮಟೆಯಲ್ಲೇ ಒಂದು ಅಡಿಕೆ ವಖಾರಿಯಲ್ಲಿ ತೂಕದವರು. ರೈತರು ತಂದ ಅಡಿಕೆ ಚೀಲಗಳನ್ನು ತೂಗಿ, ತೂಕ ಕೂಗಿ ಹೇಳುವುದು ಅವರ ಕೆಲಸ. ಅವರ ತೂಕವನ್ನು ಯಾರೂ ಮರಳಿ ತೂಗಿಸುತ್ತಿರಲಿಲ್ಲ. ಅದು ನಮ್ಮ ಮನೆಯಲ್ಲಿದ್ದ ಒಂದೇ ಆಸ್ತಿ.

ವಿಶ್ವವಿದ್ಯಾಲಯದ ಕೂಟಕ್ಕೆ ಒಂದು ತೂಕಕ್ಕೆ ಒಬ್ಬನೇ. ಇನ್ನೊಬ್ಬ ರಿಸರ್ವ್, ಅಂದರೆ ಚೀಲ ಕಾಯುವವ. ಯಾರು ಹೋಗಬೇಕೆಂದು ನಿರ್ಧರಿಸಲು ಪಿ.ಡಿ. ಸರ್ ನಮ್ಮಿಬ್ಬರನ್ನು ಮೂರು ಸಲ ಕುಸ್ತಿಗೆ ಬಿಟ್ಟರು. ಮೂರು ಸಲವೂ ನನ್ನ ಬೆನ್ನಿಗೆ ಮಣ್ಣು ಹತ್ತಿತು. ಮೂರನೆಯ ಸಲವಂತೂ ನಾನು ಸೆಟೆದು ನಿಲ್ಲುವುದರೊಳಗೆ ಅವನು ನನ್ನನ್ನು ಹೆಗಲ ಮೇಲೆ ಎತ್ತಿ, ಅಖಾಡದ ಸುತ್ತ ಕೂತವರ ಕಡೆ ತಿರುಗಿ, "ಇವ್ನಪ್ಪನ ಹತ್ರ ತೂಗ್ಸ್ಕಂಡು ಬನ್ನಿ ಮಾರಾಯ್ರೆ, ಗೋಣಿ ಸಮೇತ!" ಎಂದು ಕೂಗಿ ಒಗೆದ.

ಎಲ್ಲರೂ ನಕ್ಕರು. ಪಿ.ಡಿ. ಸರ್ ಕೂಡ ಮೀಸೆಯಡಿಯಲ್ಲಿ ನಕ್ಕರು. ಅವನು ಕೈ ಕೊಟ್ಟು ನನ್ನನ್ನು ಎಬ್ಬಿಸಿ, ಬೆನ್ನಿನ ಮಣ್ಣು ಕೊಡವಿ, "ಕಾಲು ನೋಡ್ಬೇಡಾ, ಎದ್ರಿಗಿದ್ದವ್ನ ಸೊಂಟ ನೋಡು. ಸೊಂಟ ಸುಳ್ಳು ಹೇಳೂದಿಲ್ಲ" ಎಂದು ಕಲಿಸಿಯೂ ಕೊಟ್ಟ. ಒಗೆದದ್ದಕ್ಕಿಂತ ನನಗೆ ಅದು ಹೆಚ್ಚು ಉರಿಯಿತು. ಸೋಲಿಸಿದವನು ಒಳ್ಳೆಯವನೂ ಆಗಿದ್ದರೆ ಬೈಯುವುದಕ್ಕೂ ಜಾಗ ಸಿಗುವುದಿಲ್ಲ.

ಪಿ.ಡಿ. ಸರ್ ಅವನ ಭುಜ ಹಿಡಿದು, "ಮೂರರೊಳಗ ಬಂದಿ ಅಂದ್ರ ನೌಕರಿ ಖರೇ, ತಿಳಕೋ. ಸರ್ಟಿಫಿಕೇಟ ನೋಡಿ ಕರದು ಕುಂದ್ರಸ್ತಾರ. ನಿಮ್ಮವ್ವಗ ಬುಟ್ಟಿ ಇಳಸಾಕ ಹೇಳು" ಎಂದರು. ಅವನು ಅಂದಿನಿಂದ ಆ ಮಾತನ್ನೇ ಜಪ ಮಾಡುತ್ತಿದ್ದ. ಆ ಮಾತು ನನ್ನ ಕಿವಿಗೂ ಬಿದ್ದಿತ್ತು, ಅದೂ ನಿಜ.

ಇನ್ನು ತೂಕದ ವಿಷಯ. ಕಾಲೇಜಿನ ತೂಕದ ಯಂತ್ರ ಉಪ್ಪುಗಾಳಿಗೆ ತುಕ್ಕು ಹಿಡಿದು ಎಲ್ಲರನ್ನೂ ನಲವತ್ತು ಕಿಲೋ ಎನ್ನುತ್ತಿತ್ತು. ಆಸ್ಪತ್ರೆಯಲ್ಲಿ ಕಾಂಪೌಂಡರು ಒಮ್ಮೆ ಬಿಟ್ಟರು, ಹನ್ನೆರಡು ಜನ ಲಂಗೋಟಿಯಲ್ಲಿ ಸಾಲು ನಿಂತದ್ದು ನೋಡಿ ಬಸುರಿ ಹೆಂಗಸರು ಎದ್ದುಹೋದ ಮೇಲೆ ಮತ್ತೆ ಬಿಡಲಿಲ್ಲ. ಉಳಿದದ್ದು ಅಪ್ಪನ ವಖಾರಿಯ ಹಲಗೆ ತಕ್ಕಡಿ. ನೆಲದ ಮೇಲೆ ಚೀಲ ಇಡುವ ಹಲಗೆ, ಮೇಲೆ ಉದ್ದನೆಯ ಹಿತ್ತಾಳೆಯ ಕೈ, ಕೈ ಮೇಲೆ ಸರಿಸುವ ಗುಂಡು. ವಖಾರಿಗೆ ರಜೆಯಿದ್ದ ಭಾನುವಾರ ಅಪ್ಪ ಬಾಗಿಲು ತೆಗೆದು ನಮ್ಮನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ತೂಗುತ್ತಿದ್ದರು. ಅಡಿಕೆ ತೂಗುವ ಅದೇ ಗಂಭೀರ ಮುಖದಿಂದ, ತೂಕ ಕೂಗಿ ಹೇಳುತ್ತಿದ್ದರು.

ಆ ತಕ್ಕಡಿಗೆ ಒಂದು ಪದ್ಧತಿ ಇತ್ತು. ಅಡಿಕೆ ಬರುವುದು ಗೋಣಿ ಚೀಲದಲ್ಲಿ. ಚೀಲವೇ ಹೆಚ್ಚುಕಡಿಮೆ ಒಂದು ಕಿಲೋ. ಪ್ರತಿ ಸಲ ಅದನ್ನು ಕಳೆಯುತ್ತ ಕೂತರೆ ದಿನ ಮುಗಿಯುವುದಿಲ್ಲ. ಹಾಗಾಗಿ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಖಾಲಿ ಗೋಣಿಯೊಂದನ್ನು ಹಲಗೆಯ ಮೇಲಿಟ್ಟು, ಕೈಯ ಹಿಂಬದಿಯ ತಿರುಪನ್ನು ತಿರುಗಿಸಿ, ಗೋಣಿ ಇದ್ದರೂ ಸೊನ್ನೆ ತೋರುವಂತೆ ಮಾಡಿಡುತ್ತಿದ್ದರು. ಅದಕ್ಕೆ 'ಗೋಣಿ ಏರಿಸುವುದು' ಎನ್ನುತ್ತಿದ್ದರು. ಆಮೇಲೆ ಇಡೀ ದಿನ ತಕ್ಕಡಿ ಹೇಳುವುದು ಬರೀ ಅಡಿಕೆಯ ತೂಕ. ರೈತನಿಗೂ ಗೊತ್ತು, ಸಾಹುಕಾರನಿಗೂ ಗೊತ್ತು, ಮೋಸ ಎಂಬುದಿಲ್ಲ. ಆದರೆ ಅದೇ ತಕ್ಕಡಿಯ ಮೇಲೆ ಗೋಣಿಯಿಲ್ಲದ ಮನುಷ್ಯ ನಿಂತರೆ ಅವನದೂ ಒಂದು ಕಿಲೋ ಕಳೆದುಹೋಗುತ್ತದೆ. ಅದಕ್ಕೇ ಭಾನುವಾರ ಅಪ್ಪ ನಮ್ಮನ್ನು ನಿಲ್ಲಿಸುವ ಮೊದಲು ತಿರುಪನ್ನು ಹಿಂದಕ್ಕೆ ತಿರುಗಿಸಿ 'ಗೋಣಿ ಇಳಿಸು'ತ್ತಿದ್ದರು. ತಿರುಪಿನ ಮೇಲೆ ಸುಣ್ಣದ ಒಂದು ಗೀಟು. ಗೀಟು ಮೇಲಿದ್ದರೆ ಗೋಣಿ ಏರಿದೆ, ಕೆಳಗಿದ್ದರೆ ಇಳಿದಿದೆ. ಭಾನುವಾರ ಅಲ್ಲಿ ಸೇರುವವರಲ್ಲಿ ಇದು ಗೊತ್ತಿದ್ದವರು ನಾವು ಇಬ್ಬರೇ, ಅಪ್ಪ ಮತ್ತು ನಾನು. ಉಳಿದವರಿಗೆ ಅದೊಂದು ತಕ್ಕಡಿ ಅಷ್ಟೆ.

ಕೂಟದ ಹಿಂದಿನ ಭಾನುವಾರ ಅಪ್ಪ ಇರಲಿಲ್ಲ. ಸಂತೆಗುಳಿಯಲ್ಲಿ ನನ್ನ ಅತ್ತೆಯ ಮಗಳ ಮದುವೆಯ ಮಾತುಕತೆ. ಬೆಳಿಗ್ಗೆ ಹೊರಡುವಾಗ ಕೀಲಿಕೈ ಕೊಟ್ಟು, "ಗೋಣಿ ಇಳ್ಸೂದು ಮರೀಬೇಡಾ ತಮಾ. ಆದ್ಮೇಲೆ ಏರ್ಸಿ ಇಡು. ನಾಳೆ ಬೆಳಗಾಗೂದ್ರೊಳ್ಗೆ ಮಾಲು ಬತ್ತದೆ" ಎಂದರು.

"ಆತು ಅಪ್ಪಾ."

ಚಿಂತೆ ಮಾಡುವವನಿಗೆ ಒಂದು ಶಾಪವಿದೆ. ಅವನು ಹತ್ತು ವಿಷಯಕ್ಕೆ ಚಿಂತೆ ಮಾಡುತ್ತಾನೆ, ಹನ್ನೊಂದನೆಯದು ಅಲ್ಲೇ ಬಿದ್ದುಹೋಗುತ್ತದೆ. ಕೀಲಿಕೈ ಕಳೆದರೆ? ಯಾರಾದರೂ ಚೀಲದಿಂದ ಅಡಿಕೆ ಎತ್ತಿ ಬಾಯಿಗೆ ಹಾಕಿಕೊಂಡರೆ? ಸಾಹುಕಾರರ ಗಾದಿಯ ಮೇಲೆ ಯಾರಾದರೂ ಎಣ್ಣೆ ಮೈಯಲ್ಲಿ ಕೂತರೆ? ನಾನು ಬಾಗಿಲಿಗೂ ಚೀಲಗಳಿಗೂ ಗಾದಿಗೂ ಓಡಾಡುತ್ತಿದ್ದೆ. ಅಷ್ಟರಲ್ಲಿ ಅವನು ಅಂಗಿ ಬಿಚ್ಚಿ ಹಲಗೆಯ ಮೇಲೆ ಹತ್ತಿಬಿಟ್ಟಿದ್ದ. ನಾನು ಹೋಗಿ ಗುಂಡು ಸರಿಸಿದೆ. ಕೈ ಸಮನಾಗಿ ನಿಂತಿತು.

ಸರಿಯಾಗಿ ಐವತ್ತೇಳು.

ನಾಲ್ಕು ದಿನದಿಂದ ಅವನು ತಿಂದದ್ದು ಬೆಳಿಗ್ಗೆ ಒಂದು ಲೋಟ ಚಹಾ, ಮಧ್ಯಾಹ್ನ ಒಂದು ಹಿಡಿ ಅವಲಕ್ಕಿ. ಕೆನ್ನೆ ಒಳಗೆ ಹೋಗಿತ್ತು. ಹಲಗೆಯಿಂದ ಜಿಗಿದು ಮೊದಲು ಅಪ್ಪಿಕೊಂಡದ್ದು ನನ್ನನ್ನೇ. "ಆತು ನೋಡಾ! ಇನ್ನು ಇದ್ನ ಹಾಂಗೇ ಹಿಡ್ಕಂಡ್ರೆ ಸಾಕು" ಎಂದ. ಪಿ.ಡಿ. ಸರ್ ಬಾಗಿಲಲ್ಲಿ ನಿಂತು ಪುಸ್ತಕದಲ್ಲಿ ಬರೆದುಕೊಂಡು, "ಶಾಭಾಸ್, ಇನ್ನ ನೀರ ಕುಡದು ಮಲಕ್ಕೊ" ಎಂದರು.

ಆಮೇಲೆ ನಾನು ಹತ್ತಿದೆ. ಐವತ್ತೈದೂವರೆ. ಹಿಂದಿನ ವಾರ ಐವತ್ತಾರೂವರೆ ಇದ್ದವನು ನಾನು, ರಿಸರ್ವ್ ಎಂಬ ದುಃಖದಲ್ಲಿ ಆ ವಾರವಿಡೀ ಚೆನ್ನಾಗಿ ಉಂಡಿದ್ದೆ. ನನ್ನ ಕಣ್ಣು ತಾನಾಗಿ ತಿರುಪಿನ ಕಡೆ ಹೋಯಿತು. ಸುಣ್ಣದ ಗೀಟು ಮೇಲಿತ್ತು.

ಮರೆತದ್ದು ನಿಜ. ಅದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ನೆನಪಾದದ್ದೂ ಅಷ್ಟೇ ನಿಜ, ಅದೂ ಅವನಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ. ಬಾಯಿ ತೆರೆದೆ. ಅವನು ನನ್ನ ಕಡೆ ನೋಡಿ, "ಎಂತಾ? ಗೋಣಿ ಖಾಲಿ ಆತಾ?" ಎಂದು ನಕ್ಕ. ಬಾಯಿ ಮುಚ್ಚಿದೆ.

ಅವನು ಆ ಮಾತು ಆಡದಿದ್ದರೆ ಹೇಳುತ್ತಿದ್ದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಈಗ ನಂಬುವುದಿಲ್ಲ. ಭಾನುವಾರ ಮಧ್ಯಾಹ್ನ ಅವನ ಬಸ್ಸು ಹೊರಡುವವರೆಗೆ ಹೇಳಬಹುದಿತ್ತು. ಸೋಮವಾರ ಬೆಳಿಗ್ಗೆ ಧಾರವಾಡಕ್ಕೆ ಹೊರಡುವಾಗಲೂ ಹೇಳಬಹುದಿತ್ತು. ತೂಕ ನೋಡುವುದು ಮಂಗಳವಾರ, ಒಂದು ಕಿಲೋ ಇಳಿಸುವುದು ಅವನಿಗೆ ಅಸಾಧ್ಯವೇನಲ್ಲ. ನಾನು ಮಾಡಿದ್ದೇನೆಂದರೆ ಲೆಕ್ಕಾಚಾರ. ಧಾರವಾಡದ ತಕ್ಕಡಿಯೂ ಸರಿ ಇರಲಿಕ್ಕಿಲ್ಲ. ಬಸ್ಸಿನ ಸೆಕೆಗೆ ಅರ್ಧ ಕಿಲೋ ಹೋಗುತ್ತದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಅವನಿಗೆ ವಾಂತಿಯಾದರೆ ಉಳಿದ ಅರ್ಧವೂ ಹೋಗುತ್ತದೆ. ಘಟ್ಟ ಹತ್ತುವಾಗ ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನು ಕಿಟಕಿಯ ಸರಳಿಗೆ ತಲೆಯಿಟ್ಟು ಮಗುವಿನ ಹಾಗೆ ನಿದ್ದೆ ಮಾಡಿದ. ವಾಂತಿಯಾದದ್ದು ನನಗೆ.

ಧಾರವಾಡದಲ್ಲಿ ಬೆಳಿಗ್ಗೆ ತೂಕ. ಅವನು ಹತ್ತಿದ. ಮುಳ್ಳು ಐವತ್ತೇಳನ್ನು ದಾಟಿ ಐವತ್ತೆಂಟರ ಹತ್ತಿರ ಹೋಗಿ ನಿಂತಿತು. ಅವನು ಇಳಿದು ಮತ್ತೆ ಹತ್ತಿದ. ಲಂಗೋಟಿಯನ್ನೂ ಬಿಚ್ಚಿ ಹತ್ತಿದ. ಮುಳ್ಳು ಅಲ್ಲೇ.

"ಏನ್ ತಿಂದಿಲೇ?" ಪಿ.ಡಿ. ಸರ್ ಕಿರುಚಿದರು.

"ಎಂತದೂ ಇಲ್ಲ ಸರ್..." ಅವನಿಗೆ ನಾಲಿಗೆ ಒಣಗಿತ್ತು. "ನಿನ್ನೆ ಹೊರಡೂವಾಗ ಅಮ್ಮ... ಒಂದು ಸೌಟು ಗಂಜಿ. ಅಳ್ತಾ ಕೂತಿದ್ಲು ಸರ್, ಅದ್ಕೆ ಒಂದೇ ಸೌಟು..."

"ಗಂಜಿ! ಕೆಡಿಸಿದ್ಲಲ್ಲಪಾ ನಿಮ್ಮವ್ವ!"

ಅಷ್ಟೇ. ಅಲ್ಲಿಗೆ ಅಪರಾಧಿ ಸಿಕ್ಕಿಬಿಟ್ಟಳು. ನಾನು ಒಂದು ಹೆಜ್ಜೆ ಹಿಂದೆ ನಿಂತಿದ್ದೆ, ನನ್ನ ಕೈಯಲ್ಲಿ ಅವನ ಬಟ್ಟೆ ಇತ್ತು.

ಒಂದು ತಾಸು ಕೊಟ್ಟರು. ಎರಡು ಕಂಬಳಿ ಹೊದ್ದುಕೊಂಡು ಬಿಸಿಲಿನಲ್ಲಿ ಮೈದಾನ ಸುತ್ತತೊಡಗಿದ. ನಾನೂ ಪಕ್ಕದಲ್ಲಿ ಓಡಿದೆ. ಅಂಥ ಹೊತ್ತಿನಲ್ಲೂ ಅವನು, "ನೀ ಎಂತಕೆ ಓಡ್ತೆ ಮಾರಾಯಾ? ನೀ ಬೆವ್ತ್ರೆ ನಿಂದು ಇಳೀತದೆ, ನಂದಲ್ಲ" ಎಂದ. ಆಮೇಲೆ ಯಾರೋ ಹೇಳಿದರೆಂದು ರಸ್ತೆ ಬದಿಯ ಕ್ಷೌರದವನ ಬಳಿ ಕೂತು ತಲೆ ಬೋಳಿಸಿಕೊಂಡ. ಅವನ ಕೂದಲು ದಟ್ಟ, ಗುಂಗುರು. ನೆಲಕ್ಕೆ ಬಿದ್ದ ಆ ರಾಶಿಯನ್ನು ನೋಡಿ, "ಇದ್ರಲ್ಲೇ ಕಾಲು ಕಿಲೋ ಇದ್ದು, ಅಲ್ದಾ?" ಎಂದು ನನ್ನನ್ನು ಕೇಳಿದ. ತೂಕದವನ ಮಗ ನಾನು. ಕೂದಲಿಗೆ ಎಷ್ಟು ತೂಕವೆಂದು ನನಗೆ ಗೊತ್ತಿತ್ತು. "ಇರ್ಬಹುದು" ಎಂದೆ.

ತಾಸು ಮುಗಿದಾಗ ಇನ್ನೂ ಮುನ್ನೂರು ಗ್ರಾಂ ಉಳಿದಿತ್ತು. ಅವನ ಹೆಸರಿಗೆ ಗೀಟು ಎಳೆದು ಕೆಳಗೆ ನನ್ನ ಹೆಸರು ಬರೆದರು.

ನನ್ನ ಪರಾಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲ ಸುತ್ತಿನಲ್ಲಿ ಚೀಟಿಯಲ್ಲಿ ನನಗೆ ಎದುರಾಳಿಯೇ ಬರಲಿಲ್ಲ, ಹಾಗೇ ಮುಂದೆ ಹೋದೆ. ಎರಡನೆಯ ಸುತ್ತಿನವನಿಗೆ ಜ್ವರ, ಬರಲಿಲ್ಲ. ಮೂರನೆಯದರಲ್ಲಿ ಬೆಳಗಾವಿ ಕಡೆಯವನೊಬ್ಬ ಬಂದ. ನಾನು ಅವನ ಸೊಂಟ ನೋಡಿದೆ. ಸೊಂಟ ಸುಳ್ಳು ಹೇಳಲಿಲ್ಲ, ಒಂದು ನಿಮಿಷದೊಳಗೆ ನನ್ನನ್ನು ಮಲಗಿಸಿತು. ಇಷ್ಟಾಗಿ ಲೆಕ್ಕ ಹಾಕಿದಾಗ ನನಗೆ ಮೂರನೆಯ ಸ್ಥಾನ. ಒಬ್ಬನನ್ನೂ ಮುಟ್ಟಿ ಗೆಲ್ಲದೆ ಪದಕದ ಸರ್ಟಿಫಿಕೇಟು ಪಡೆದ ಪೈಲ್ವಾನ ನಾನೊಬ್ಬನೇ ಇರಬೇಕು. ಅವನು ಬೋಳು ತಲೆಯಲ್ಲಿ ಪ್ರೇಕ್ಷಕರ ನಡುವೆ ನಿಂತು ಶಿಳ್ಳೆ ಹೊಡೆದ.

ಊರಿಗೆ ಬಂದ ದಿನ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಆ ಹುಡ್ಗಂದು ತೂಕ ಹೆಚ್ಚಾತಂತಲ್ಲ. ಭಾನ್ವಾರ ಗೋಣಿ ಇಳ್ಸಿದ್ಯಲ್ಲ?"

"ಇಳ್ಸಿದ್ದೆ. ಮತ್ತೆ ಏರ್ಸಿ ಇಟ್ಟೆ."

"ಹಂಗಾರೆ ಗಂಜಿಯೇ ಇರ್ಬೇಕು" ಎಂದರು ಅಪ್ಪ. ಜೀವಮಾನವಿಡೀ ತೂಕದಲ್ಲಿ ತಪ್ಪದ ಮನುಷ್ಯ ಆ ಒಂದನ್ನು ತಪ್ಪಿ ತೂಗಿದರು, ಯಾಕೆಂದರೆ ತಕ್ಕಡಿಯ ಮೇಲಿದ್ದವನು ಮಗ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದರು.

ಪಿ.ಡಿ. ಸರ್ ಹೇಳಿದ್ದು ಸುಳ್ಳಾಗಲಿಲ್ಲ. ಮರುವರ್ಷ ಆಟಗಾರರ ಲೆಕ್ಕದಲ್ಲಿ ನನಗೆ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಅವನು ಪರೀಕ್ಷೆಗೂ ಕೂರದೆ ದೋಣಿಗೆ ಹೋದ. ನಾನು ಅವನನ್ನು ಹುಡುಕಲಿಲ್ಲ. ಹೊನ್ನಾವರ ದಾಟುವಾಗ ಬಸ್ಸಿನಲ್ಲಿ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚುವುದು ರೂಢಿಯಾಯಿತು.

ಎಂಬತ್ತರ ದಶಕದಲ್ಲಿ ನನಗೆ ಭಟ್ಕಳಕ್ಕೆ ವರ್ಗವಾಯಿತು. ಹೆಬಳೆ ರಸ್ತೆಯ ಕಡೆ ಬಾಡಿಗೆ ಮನೆ. ಒಂದು ಬೆಳಿಗ್ಗೆ ಮೀನು ಪೇಟೆಯಲ್ಲಿ ಬಂಗಡೆಯ ಕಿವಿ ಎತ್ತಿ ಎತ್ತಿ ನೋಡುತ್ತ, ಇದು ನಿನ್ನೆಯದೋ ಮೊನ್ನೆಯದೋ ಎಂದು ಚಿಂತೆ ಮಾಡುತ್ತಿದ್ದಾಗ ಬೆನ್ನಿಗೆ ಒಂದು ಗುದ್ದು ಬಿತ್ತು.

"ಏ ಪೈಲ್ವಾನಾ!"

ಅವನೇ. ದೋಣಿ ಬಿಟ್ಟು ಈಗ ಭಟ್ಕಳದ ಬಂದರಿನಲ್ಲಿ ಮೀನು ಹಿಡಿದು ತಂದವರಿಂದ ಕೊಂಡು ಪೇಟೆಯಲ್ಲಿ ಮಾರುತ್ತಿದ್ದ. ವಾರಕ್ಕೊಮ್ಮೆ ಹೊನ್ನಾವರದ ಮನೆಗೆ. ಮೈ ತುಂಬಿತ್ತು, ತಲೆಯ ಗುಂಗುರು ಅರ್ಧ ಬೆಳ್ಳಗಾಗಿತ್ತು. ಪಕ್ಕದ ಮಾರಾಟಗಾರರಿಗೆಲ್ಲ ನನ್ನನ್ನು ತೋರಿಸಿ, "ಇಂವ ಯಾರು ಗೊತ್ತುಂಟಾ? ಯುನಿವರ್ಸಿಟಿಗೆ ಮೂರನೇ ನಂಬರು! ನನ್ನ ಜೋಡಿ!" ಎಂದು ಸಾರಿದ. ನನ್ನ ಚೀಲಕ್ಕೆ ಒಂದು ಮುಷ್ಟಿ ಸೀಗಡಿ ಜಾಸ್ತಿ ಹಾಕಿದ.

ಅವನು ಬೈದಿದ್ದರೆ ಎಷ್ಟು ಸುಖವಿತ್ತು. ಎರಡು ವರ್ಷ ಆ ಹೆಚ್ಚಿನ ಮುಷ್ಟಿಯನ್ನು ತಿಂದೆ. ಪ್ರತಿ ಸಲ ಇವತ್ತು ಹೇಳುತ್ತೇನೆ ಎಂದು ಹೋಗುತ್ತಿದ್ದೆ, ಮೀನು ಕೊಂಡು ಬರುತ್ತಿದ್ದೆ.

ಒಂದು ರಜೆಯ ದಿನ ನಾನು ಹರಕೆ ತೀರಿಸಲು ಇಡಗುಂಜಿಗೆ ಹೊರಟೆ. ಅವನೂ ಊರಿಗೆ ಹೊರಟವನು ಬಸ್ಸಿನಲ್ಲಿ ಸಿಕ್ಕ. "ಪೂಜೆ ಮುಗ್ಸಿ ಮನಿಗೆ ಬಾ. ಅಮ್ಮಂಗೆ ನಿನ್ನ ನೋಡ್ಬೇಕಂತೆ" ಎಂದು ಹಟ ಹಿಡಿದ. ಮಧ್ಯಾಹ್ನ ಹೋದೆ. ಅವನ ಅಮ್ಮ ಬಾಗಿಲಲ್ಲಿ ಕೂತು ಒಣಮೀನು ಆರಿಸುತ್ತಿದ್ದಳು. ಎದ್ದು ನನ್ನ ಮುಖ ಸವರಿ, "ಬಾ ತಮಾ. ನೌಕ್ರಿ ಮಾಡೂ ಹುಡ್ಗ ನೀನೇ ಅಲ್ದಾ" ಎಂದಳು.

ತಟ್ಟೆ ಇಟ್ಟಳು. ಒಂದೇ ತಟ್ಟೆ, ನನಗೆ.

"ಇವ್ನಿಗೆ?" ಎಂದೆ.

"ಇಂವ ಸಂಜಿಗೆ ಭಟ್ಕಳಕ್ಕೆ ಹೋಪ್ವ. ಪ್ರಯಾಣ ಇದ್ದ ದಿನ ನನ್ನ ಕೈಯ್ಯಂದು ತಿಂಬೂದಿಲ್ಲ." ಅವಳು ಮಾಮೂಲು ವಿಷಯದಂತೆ ಹೇಳಿದಳು. "ಆವತ್ತಿಂದ ಹಂಗೇ. ನನ್ನ ಕೈ ಸರಿ ಇಲ್ಲ ತಮಾ. ನೌಕ್ರಿ ಕಳ್ದ ಕೈ."

"ಬಿಡೇ ಅಮ್ಮಾ, ಹಳೇ ಕತೆ" ಎಂದ ಅವನು, ನನ್ನ ಕಡೆ ನೋಡಿ ನಗುತ್ತ. "ಅಭ್ಯಾಸ ಆಗೋಯ್ತು, ಅಷ್ಟೇ."

ಹನ್ನೆರಡು ವರ್ಷ. ದೋಣಿಗೆ ಹೋದ ಪ್ರತಿ ದಿನ, ಊರು ಬಿಟ್ಟ ಪ್ರತಿ ದಿನ ಅವನು ಆ ಮನೆಯಿಂದ ಹಸಿದು ಹೊರಟಿದ್ದ. ಅವಳು ಅಡಿಗೆ ಮಾಡಿ ಮುಚ್ಚಿಟ್ಟು ಅವನು ಹೋಗುವುದನ್ನು ನೋಡಿದ್ದಳು. ನನ್ನ ಬಾಯಿ, ಎಂದೂ ಸಮಯಕ್ಕೆ ತೆರೆಯದ ಬಾಯಿ, ಆಗ ತೆರೆಯಿತು. ಭಾನುವಾರ, ತಕ್ಕಡಿ, ತಿರುಪು, ಸುಣ್ಣದ ಗೀಟು, ಎಲ್ಲ ಹೇಳಿದೆ. ಮರೆತೆ ಎಂದೂ ಹೇಳಿದೆ, ನೆನಪಾಯಿತು ಎಂದೂ ಹೇಳಿದೆ. ಹೇಳುತ್ತಿದ್ದ ಹಾಗೆ ಎದೆ ಹಗುರಾಗುತ್ತಿತ್ತು. ಇಷ್ಟು ಸುಲಭವಿತ್ತೇ ಎಂದು ಒಳಗೊಳಗೇ ಆಶ್ಚರ್ಯಪಟ್ಟೆ. ನನ್ನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು, ಅದನ್ನೂ ಬರೆಯಬೇಕು.

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. "ಎಂತ ಗೋಣಿ? ಯಾವ ತಿರುಪು?" ಎಂದ. ಅರ್ಥವಾದದ್ದು ಅವಳಿಗೆ. ಮೂವತ್ತು ವರ್ಷ ಮೀನು ತೂಗಿ ಮಾರಿದವಳು.

"ಬುಟ್ಟಿ ಕಳ್ದು ತೂಗಿದ್ದು" ಎಂದಳು. "ಆದ್ರೆ ಬುಟ್ಟಿಯೇ ಇತ್ತಿಲ್ಲ. ಅಲ್ದಾ ತಮಾ?"

"ಹೌದು."

ನನಗೆ ಬೈಗುಳ ಬರುತ್ತದೆಂದು ತಲೆ ತಗ್ಗಿಸಿ ಕಾದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ. ಮಗನ ಕಡೆ ತಿರುಗಿದಳು.

"ಕೇಳಿದ್ಯಾ? ಒಂದು ಸೌಟು ಗಂಜಿ ಒಂದು ಕಿಲೋ ಆಗ್ತದೆ ಅಂತ ನಂಗೆ ಗೊತ್ತಿತ್ತಿಲ್ಲ. ನೀ ಹೇಳ್ದೆ. ಓದ್ದವ ಹೇಳ್ತಾನೆ ಅಂತ ನಂಬ್ದೆ."

ಅವಳು ಮೂಲೆಯ ಕಡೆ ಕೈ ತೋರಿಸಿದಳು.

"ಒಂದಿನ ಆದ್ರೂ ತೂಗಿ ನೋಡುವಾ ಅಂತ ನಿಂಗೂ ಅನಿಸ್ಲಿಲ್ಲ, ನಂಗೂ ಅನಿಸ್ಲಿಲ್ಲ. ಮನಿಯಲ್ಲೇ ತಕ್ಕಡಿ ಇದ್ದು."

ಮೂಲೆಯಲ್ಲಿ ಅವಳ ಮೀನಿನ ತಕ್ಕಡಿ ನಿಜಕ್ಕೂ ತೂಗುಹಾಕಿತ್ತು. ಅವನು ಎದ್ದು ಹೊರಗೆ ಹೋದ. ನಾನೂ ಹಿಂದೆಯೇ ಹೋದೆ. ಅಂಗಳದಲ್ಲಿ ಬಲೆ ಒಣಹಾಕಿದ ಗಳುವನ್ನು ಹಿಡಿದು ನಿಂತಿದ್ದ. ನನ್ನ ಮಣಿಕಟ್ಟು ಹಿಡಿಯುತ್ತಿದ್ದ ಅದೇ ಬೆರಳುಗಳು. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದೂ ಅಂದುಕೊಂಡೆ.

"ತಪ್ಪಾತು ಮಾರಾಯಾ" ಎಂದೆ.

"ನೌಕ್ರಿ ಹೋದ್ದು ಹೋತು" ಎಂದ, ನನ್ನ ಕಡೆ ನೋಡದೆ. "ಅದು ನಂಗೆ ಮರ್ತೇ ಹೋಗಿತ್ತು. ನೀ ಹೇಳೂದಾದ್ರೆ ಆವತ್ತೇ ಹೇಳ್ಬೇಕಿತ್ತು. ಇಲ್ಲ, ಸಾಯೂವರೆಗೆ ಹೇಳ್ಬಾರ್ದಿತ್ತು. ಅವ್ಳ ಎದ್ರಿಗೆ ಎಂತಕೆ ಹೇಳ್ದೆ? ಇನ್ನು ನಾ ಅವ್ಳ ಮುಖ ಹೆಂಗೆ ನೋಡ್ಲಿ?"

"ನಾನು..."

"ನೀ ಹಗುರಾದೆ. ಹೋಗು, ಉಂಡು ಹೋಗು. ಕಾಯ್ತಾಳೆ."

ಒಳಗೆ ಅವಳು ಸೌಟು ಹಿಡಿದು ಕಾಯುತ್ತಿದ್ದಳು. ಒಂದು ಸೌಟು ಗಂಜಿ ತುಂಬಿ, ತಟ್ಟೆಗೆ ಹುಯ್ಯುವ ಮೊದಲು ನನ್ನ ಕಣ್ಣ ಮುಂದೆ ಎತ್ತಿ ಹಿಡಿದಳು. "ಇಷ್ಟೇ ತಮಾ. ನೋಡ್ಕಾ." ಹುಯ್ದಳು. ಒಣಮೀನಿನ ಚಟ್ನಿ ಬಡಿಸಿದಳು. ನಾನು ಉಂಡೆ. ಅವನು ಹೊರಗೆ ನಿಂತಿದ್ದ, ನನಗೆ ಬೆನ್ನು ಕಾಣುತ್ತಿತ್ತು. ನಾನು ಉಂಡು ಕೈ ತೊಳೆದು ಹೊರಡುವವರೆಗೂ ಅವನು ಒಳಗೆ ಬರಲಿಲ್ಲ, ಅವಳೂ ಕರೆಯಲಿಲ್ಲ.

ಬಸ್ಸಿನಲ್ಲಿ ನಿದ್ದೆಯ ನಾಟಕ ಮಾಡುವ ಅಗತ್ಯ ಇರಲಿಲ್ಲ. ಆದರೂ ಕಣ್ಣು ಮುಚ್ಚಿಕೊಂಡೆ. ಅಪ್ಪ ಆಗಿನ್ನೂ ಬದುಕಿದ್ದರು. ಅವರಿಗೂ ಹೇಳಿಬಿಡಬೇಕು ಎಂದು ಒಂದು ಕ್ಷಣ ಅನಿಸಿತು. ಹೇಳಲಿಲ್ಲ. ಹೇಳಿ ಹಗುರಾಗುವ ರುಚಿ ಗೊತ್ತಾಗಿತ್ತು, ಆ ಭಾರ ಎಲ್ಲಿ ಇಳಿಯುತ್ತದೆ ಎಂಬುದೂ ಗೊತ್ತಾಗಿತ್ತು. ಅವರು ಹೋಗುವವರೆಗೂ ಸರ್ಟಿಫಿಕೇಟು ದೇವರ ಪಟದ ಪಕ್ಕದಲ್ಲೇ ಇತ್ತು. ಇದನ್ನು ಹೇಡಿತನ ಎನ್ನಬೇಕೋ ದಯೆ ಎನ್ನಬೇಕೋ ಎಂದು ಈಗಲೂ ಚಿಂತೆ ಮಾಡುತ್ತೇನೆ. ಹೇಡಿತನವೇ ಇರಬೇಕು, ನನಗೆ ಅದರ ಅಭ್ಯಾಸ ಜಾಸ್ತಿ.

ಮುಂದಿನ ವಾರ ಮೀನು ಪೇಟೆಗೆ ಹೋದೆ. ಬೇರೆ ಕಡೆ ಕೊಳ್ಳಬಹುದಿತ್ತು. ಕಾಲು ಅಲ್ಲಿಗೇ ಹೋಯಿತು. "ಪೈಲ್ವಾನಾ" ಎಂಬ ಕೂಗಿಲ್ಲ. ನಾನು ಒಂದು ಇಸೋಣ ಮೀನು ತೋರಿಸಿದೆ. ಅವನು ತಕ್ಕಡಿಯ ತಟ್ಟೆಯಲ್ಲಿ ಮೊದಲು ಖಾಲಿ ಬುಟ್ಟಿ ಇಟ್ಟ. ಬೇರೆ ಯಾರಿಗೂ ಅವನು ಹಾಗೆ ಮಾಡುವವನಲ್ಲ, ಬುಟ್ಟಿಗೆ ಅಂದಾಜಿನಲ್ಲಿ ಬಿಟ್ಟು ಮೇಲೊಂದು ತುಂಡು ಎಸೆಯುವವನು. ಬುಟ್ಟಿಯನ್ನು ತೂಗಿ, ನನಗೆ ಕಾಣುವಂತೆ ಕಲ್ಲನ್ನು ಎತ್ತಿ ತೋರಿಸಿ, "ಬುಟ್ಟಿ ಇನ್ನೂರು ಗ್ರಾಂ" ಎಂದ. ಆಮೇಲೆ ಮೀನು ಇಟ್ಟು ತೂಗಿ, "ಬುಟ್ಟಿ ಕಳ್ದೆ. ನೋಡ್ಕಳಿ" ಎಂದ.

ನೋಡ್ಕಳಿ. ನನ್ನನ್ನು ಅವನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

ನಾನು ಭಟ್ಕಳದಲ್ಲಿದ್ದ ಉಳಿದ ಮೂರು ವರ್ಷವೂ ಹಾಗೇ ನಡೆಯಿತು. ಹೆಂಡತಿ, "ಎಲ್ಲರಿಗೂ ಮೇಲೆ ಹಾಕಿ ಕೊಡ್ತಾನಂತೆ, ನಿಮಗೆ ಮಾತ್ರ ಗ್ರಾಂ ಲೆಕ್ಕ. ಬೇರೆಯವ್ರ ಹತ್ರ ತನ್ನಿ" ಎನ್ನುತ್ತಿದ್ದಳು. ನಾನು ಅವನ ಹತ್ತಿರವೇ ತರುತ್ತಿದ್ದೆ. ತಕ್ಕಡಿ ನಿಲ್ಲುವವರೆಗೆ ಇಬ್ಬರೂ ಮುಳ್ಳನ್ನೇ ನೋಡುತ್ತಿದ್ದೆವು. ಊರಿಗೆ ಹೋದಾಗ ಈಗ ಅಮ್ಮನ ಕೈಯದ್ದು ಉಂಡು ಹೊರಡುತ್ತೀಯಾ ಎಂದು ಕೇಳಬೇಕೆಂದು ಪ್ರತಿ ಸಲ ಬಾಯಿ ತೆರೆದೆ. ಅವನು ಮೀನು ಸುತ್ತಿ ಕೊಟ್ಟು, ಮುಂದಿನ ಗಿರಾಕಿಯ ಕಡೆ ತಿರುಗುತ್ತಿದ್ದ.